ಅವ್ವ ಚಾಚಿದ ಎಡಗೈ

ಇವತ್ತಿಗೂ ಯಾರರ ಅವ್ವನ ಎಡಗೈಗೆ ಬಿಪಿ ಪಟ್ಟಿ ಸುತ್ತಾಕ ಬಂದ್ರ ನನಗ ಸಿಟ್ಟು ನೆತ್ತಿಗೆ ಏರತೈತಿ. ಕಿತ್ತು ಒಗೀಬೇಕು ಅನಸ್ತೈತಿ.

ಅವ್ವ ಕಟಕೋಳದಾಕಿ, ಈಗ ಸವದತ್ತಿಯೊಳಗ ನನ್ನ ಕೂಡ ಇರ್ತಾಳ. ಹಳೇ ಪದ್ಧತಿಯಂಗ ಬಲಗಡೆ ಸೆರಗು, ತಲಿ ಮ್ಯಾಲೂ ಅದ. ಬಲಗೈ ಯಾವಾಗ್ಲೂ ಸೆರಗಿನೊಳಗ. ಪರಗಂಡಸರ ಮುಂದ ತೋಳತನಕ ತಗದಾಕಿ ಅಲ್ಲ. ಹಿಂಗಾಗಿ ದವಾಖಾನಿಯೊಳಗ ಚಾಚೂದು ಎಡಗೈನ. ಡಾಕ್ಟರು, ನರ್ಸು ಎಲ್ಲಾರೂ ಆ ಕೈಯಾಗ ಬಿಪಿ ನೋಡಿದ್ರು. "ಬಿಪಿ ಲೋ ಐತ್ರಿ, ಉಪ್ಪು ಹಾಕಿ ಮಜ್ಜಿಗಿ ಕುಡಸ್ರಿ" ಅಂದ್ರು. ನಾನೂ ಕುಡಿಸಿದೆ. ಒಲ್ಲೆ ಅಂದ್ರ ಬೈದು ಕುಡಿಸಿದೆ!

ಆಕಿ ಹೇಳಲಿಲ್ಲಂತೇನಿಲ್ಲ. "ತಲಿ ಸಿಡಿತೈತಿ, ಬಾಚಣಿಕಿ ತಾಗಿದ್ರ ನೋವು. ರೊಟ್ಟಿ ಅಗಿಯೂದ್ರೊಳಗ ದವಡಿ ಸೋಲತೈತಿ. ಎಡಗೈಲೆ ಕೊಡ ಎತ್ತಾಕ ಆಗವಲ್ದು." ಸಂಜಿಗೆ ಜ್ವರ. ಮೈ ಇಳಿದು ಕುಬಸ ಜೋಲಾತು. "ವಯಸ್ಸಾತಲ್ಲಬೇ" ಅಂದೆ ನಾನು. ಸಾಲ್ಯಾಗ ಮಕ್ಕಳಿಗೆ ಬುದ್ಧಿ ಹೇಳೋ ಅಕ್ಕೋರು! ನನ್ನ ಬುದ್ಧಿಗೆ ಬೆಂಕಿ ಹತ್ಲಿ.

ಒಂದಿನ ಮುಂಜಾನೆ "ಎಡಗಣ್ಣಿಗೆ ಏನೂ ಕಾಣವಲ್ದು" ಅಂದ್ಲು. ನಿಂತ ಕಾಲಲ್ಲೇ ಬೆಳಗಾವಿಗೆ ಓಡಿದ್ವಿ. ಅಲ್ಲಿನ ಡಾಕ್ಟರು ಎಡಗೈ ನಾಡಿ ಹಿಡಿದು, ಹುಡುಕಿ ಹುಡುಕಿ, "ಅವ್ವಾರ, ಬಲಗೈ ಕೊಡ್ರಿ" ಅಂದ್ರು. ಅವ್ವ ಮುದುಡಿದ್ಲು. ನಾನೇ ಸೆರಗು ಸರಿಸಿದೆ. ಬಲಗೈಯೊಳಗ ಬಿಪಿ ಹೈ!

"ಖರೇ ಬಿಪಿ ಇದು" ಅಂದ್ರು ಡಾಕ್ಟರು. "ಎಡಗೈಗೆ ಹೋಗೋ ದೊಡ್ಡ ರಕ್ತನಾಳ ಬಾವು ಬಂದು ಸಣ್ಣದಾಗಿರಬೇಕು, ಅದಕ್ಕ ಅಲ್ಲಿ ಕಡಿಮಿ ತೋರಿಸ್ತೈತಿ. ತಲಿ, ದವಡಿ, ಕಣ್ಣಿನ ನಾಳಕ್ಕೂ ಅದ ಬಾವು. ಇನ್ನೊಂದು ಕಣ್ಣರ ಉಳಿಸ್ಕೋಬೇಕು, ಔಷಧ ಈಗಿಂದೀಗ ಶುರು ಮಾಡೂಣು."

ಮರುದಿನ ಸ್ಕ್ಯಾನ್. ಉಪವಾಸ ಇಟ್ಟು, ಸಕ್ಕರಿಯಂಥಾ ಔಷಧ ನರಕ್ಕ ಚುಚ್ಚಿ, ಯಂತ್ರದೊಳಗ ಮಲಗಿಸಿದ್ರು. ಬಾವು ಇದ್ದಲ್ಲಿ ಆ ಔಷಧ ಹೆಚ್ಚು ಸೇರಿ ಹೊಳಿತೈತಂತ. ಆಮ್ಯಾಲೆ ಡಾಕ್ಟರು ಕಂಪ್ಯೂಟರಿನ್ಯಾಗ ತೋರಿಸಿದ್ರು. ಎದಿಯಿಂದ ಕುತ್ತಿಗಿಗೆ, ತೋಳಿಗೆ ಹೋಗೋ ನಾಳಗೋಳು ಒಲಿಯೊಳಗಿನ ಕೆಂಡದಂಗ ಕಂಡ್ವು. ಅಯ್ಯ ನಮ್ಮವ್ವ! ಇಷ್ಟು ಉರಿ ಹೊತ್ಕೊಂಡು ತಿಂಗಳುಗಟ್ಲೆ ಅಡ್ಡಾಡಿದಾಕಿಗೆ ನಾನು ಉಪ್ಪು ಕುಡಿಸಿದ್ದೆ. ಎರಡೂ ಕೈ ನೋಡೂಣು ಅಂತ ಅಷ್ಟು ಮಂದ್ಯಾಗ ಒಬ್ಬರರ ಅಂದಿದ್ರ ಅವರ ಗಂಟೇನು ಹೋಗ್ತಿತ್ತು? ನನಗರ ಯಾಕ ಹೊಳೀಲಿಲ್ಲ?

ಕೆಲವು ತಿಂಗಳ ಮ್ಯಾಲೆ ಮತ್ತ ಸ್ಕ್ಯಾನ್ ಮಾಡಿದ್ರು. ಡಾಕ್ಟರಿಗೆ ಖುಷಿ. "ನೋಡ್ರಿ ಅವ್ವಾರ, ಬಾವು ಇಳದೈತಿ. ನಾಳ ಚಲೋ ಕಾಣಾಕಹತ್ಯಾವ. ಬಲಗಣ್ಣು ಉಳೀತು."

ಅವ್ವನ ಮಾರಿ ಅರಳಿತು. "ಹಂಗಾರ ಸಾಹೇಬ್ರ, ಎಡಗಣ್ಣು ಯಾವಾಗ ಕಾಣತೈತ್ರಿ?"

ಡಾಕ್ಟರು ನನ್ನ ಕಡೆ ನೋಡಿದ್ರು. ಆ ಕಣ್ಣು ಇನ್ನ ಬರೂದಿಲ್ಲಂತ ಅವರು ಮೊದಲನೇ ದಿನಾನ ನನಗ ಹೇಳಿದ್ರು. ಆಕಿಗೆ ನಾನಿನ್ನೂ ಹೇಳಿರಲಿಲ್ಲ.