ಮುನಿರಾಜುವಿನ ಲಂಗರು

ಮೆಕ್ಸಿಕೋ ಕರಾವಳಿಯಲ್ಲಿ ಇವತ್ತೂ ಸುಡುವ ಸೆಕೆ. ನಾಗಸಂದ್ರದಲ್ಲಿ ನಮ್ಮ ಪಕ್ಕದ ಮನೆಯವನಾಗಿದ್ದ ಮುನಿರಾಜು ಹಡಗಿನ ಫಿಟ್ಟರ್ ಕೆಲಸ ಬಿಟ್ಟು ಈ ಹಾಯಿದೋಣಿಯನ್ನೇ ಮನೆ ಮಾಡಿಕೊಂಡಿದ್ದಾನೆ; ಅವನ ಜೊತೆ ಕೆಲವು ದಿನ ಇರಲು ನಾನು ಬಂದಿದ್ದೇನೆ. ಸಂಜೆ ದೋಣಿ ನಿಲ್ಲಿಸಲು ಲಂಗರು ಎತ್ತಿಕೊಂಡ. ನಾಲ್ಕು ಕೊಕ್ಕೆಯ ಕಬ್ಬಿಣ; ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಹಾಗೇ ಇತ್ತು.

"ಏನೋ, ನಮ್ಮೂರ ಪಾತಾಳಗರಡಿ ತಂದ್ಬಿಟ್ಟಿದ್ದೀಯಾ?" ಅಂತ ನಕ್ಕೆ.

ಅವನು ನಗಲಿಲ್ಲ. "ಬಾವಿಗೆ ಬಿದ್ದು ಸತ್ತ ನಮ್ಮಕ್ಕನ್ನ ಮೇಲಕ್ಕೆತ್ತಿದ್ದೂ ಅದ್ರಲ್ಲೇ ಕಣೋ. ನೀನಾಗ ಪೀಣ್ಯದ ಫ್ಯಾಕ್ಟರೀಲಿದ್ದೆ."

ಲಂಗರು ನೀರಿಗಿಳಿಯಿತು. ಹಗ್ಗ ಎಳೆದು ನೋಡಿದ. ತಳದಲ್ಲಿ ಕೊಕ್ಕೆ ಕಚ್ಚಿಕೊಂಡಿತು, ದೋಣಿ ನಿಂತಿತು. ಬಾವಿಕಟ್ಟೆಯಲ್ಲಾಗಿದ್ದರೆ ಈ ಹೊತ್ತಿಗೆ ಯಾರಾದರೂ "ಸಿಕ್ತು, ಸಿಕ್ತು" ಅಂತ ಕೂಗುತ್ತಿದ್ದರು.

ಇಲ್ಲಿ ಯಾರೂ ಕೂಗಲಿಲ್ಲ. ಮುನಿರಾಜು ಹಗ್ಗವನ್ನು ಗೂಟಕ್ಕೆ ಕಟ್ಟದೆ ಕೈಯಲ್ಲೇ ಹಿಡಿದು ಕೂತ.