ನೆತ್ತಿಯ ಮೇಲಿನ ಕೆಂಪು

ಮೊದಲ ಬೋಳು ಕಂಡದ್ದು ಅವ್ವನಿಗೆ. ಅಥವಾ ನನಗೇ ಇರಬೇಕು. ಜಡೆ ಹಾಕುವಾಗ ಅವ್ವನ ಕೈ ತಟಕ್ಕನೆ ನಿಂತಿತು ಎಂದು ಬಹಳ ಜನರಿಗೆ ಹೇಳಿದ್ದೇನೆ. ಆದರೆ ಇಪ್ಪತ್ತಾರು ವರ್ಷದವಳಿಗೆ ಅವ್ವ ಏಕೆ ಜಡೆ ಹಾಕುತ್ತಿದ್ದಳು? ಕಥೆ ತೀರಾ ಚೆನ್ನಾಗಿ ಕೂತಿದೆ, ಅದಕ್ಕೇ ನನಗೆ ಅನುಮಾನ. ಆರೇ ತಿಂಗಳಲ್ಲಿ ಅರ್ಧ ತಲೆ ತೇಪೆ ತೇಪೆಯಾಗಿ ಬರಿದಾದದ್ದು ಮಾತ್ರ ನಿಜ.

ಆಗ ನಾನು ಸಂಡೂರು ರಸ್ತೆಯ ಒಂದು ವೇಬ್ರಿಜ್‌ನಲ್ಲಿ ಕಬ್ಬಿಣದ ಅದಿರಿನ ಲಾರಿಗಳ ತೂಕದ ಚೀಟಿ ಬರೆಯುತ್ತಿದ್ದೆ. ಹೊಸಪೇಟೆಯ ಚರ್ಮದ ಡಾಕ್ಟರು ವಾರಕ್ಕೊಮ್ಮೆ ಬೋಳಿನ ಮೇಲೆ ಹತ್ತಿಯಿಂದ ಔಷಧ ಹಚ್ಚುತ್ತಿದ್ದರು. ಎರಡು ದಿನ ತಲೆ ತೊಳೆಯಬಾರದು, ಬಿಸಿಲು ತಾಗಬಾರದು. ಚರ್ಮ ಕೆಂಪಾಗಿ ತುರಿಸಿದರೆ ಔಷಧ ಹತ್ತಿದ ಹಾಗೆ. ಆಗದಿದ್ದರೆ ಮುಂದಿನ ವಾರ ಇನ್ನಷ್ಟು ಜೋರಿನದು.

ವೇಬ್ರಿಜ್ ಕೋಣೆಯ ಕಿಟಕಿಗೆ ಗಾಜಿರಲಿಲ್ಲ. ಸಂಜೆ ತೆಳು ಸ್ಕಾರ್ಫ್ ಬಿಚ್ಚಿ ಅವ್ವನ ಮುಂದೆ ಕೂತರೆ, "ಭಾಳ ಕೆಂಪಾಗೇತಿ, ಹತ್ತೇತಿ ಬಿಡು" ಎನ್ನುತ್ತಿದ್ದಳು. ತುರಿಕೆ? ಅದನ್ನೇ ಕಾಯುತ್ತ ಕೂತರೆ ಯಾವ ತಲೆಯೂ ತುರಿಸುತ್ತದೆ. ಮೂರನೇ ದಿನ ಸೀಗೆಪುಡಿ ಹಚ್ಚಿ ತೊಳೆದುಕೊಂಡು, ಡಾಕ್ಟರ ಮುಂದೆ ಅವ್ವನ ಮಾತನ್ನೇ ಒಪ್ಪಿಸುತ್ತಿದ್ದೆ. ಹಾಗಾಗಿ ಅವರು ಔಷಧ ಜೋರು ಮಾಡಲಿಲ್ಲ. ನಾಲ್ಕು ತಿಂಗಳು ಒಂದು ಎಳೆಯೂ ಬರಲಿಲ್ಲ. ಇನ್ನೆರಡು ಸಲ ನೋಡಿ ಬಿಟ್ಟುಬಿಡೋಣ ಎಂದರು.

ಮುಂದಿನ ಸಲ ಹಚ್ಚಿದ ಮರುದಿನವೇ ಅವ್ವ ಹಟ ಹಿಡಿದು, ಕೆಲಸದ ಮೇಲಿಂದ ನೇರ, ತೊಳೆಯದ ತಲೆಯಲ್ಲೇ ನನ್ನನ್ನು ಡಾಕ್ಟರ ಬಳಿ ಕರೆದೊಯ್ದಳು. ಕೆಂಪನ್ನು ಕಣ್ಣಾರೆ ನೋಡಲಿ ಎಂದು. ಅವರು ಒದ್ದೆ ಹತ್ತಿಯಿಂದ ನೆತ್ತಿಯ ಒಂದು ಮೂಲೆ ಒರೆಸಿ, ಹತ್ತಿಯನ್ನು ನಮ್ಮ ಮುಂದೆ ಹಿಡಿದರು. ಇಟ್ಟಿಗೆಯ ಬಣ್ಣ. ಒರೆಸಿದ ಕಡೆ ಚರ್ಮ ಬೆಳ್ಳಗಿತ್ತು.

"ಇಷ್ಟು ದಿನ ಅದಿರಿನ ಧೂಳು ನಂಬಿ ಔಷಧ ಹಚ್ಚೀನಿ ನೋಡ್ರಿ," ಎಂದರು.

ಅವ್ವ ನಗಲಿಲ್ಲ. "ಹಂಗಾರ ಔಷಧ ಸೋತಿಲ್ಲೇನ್ರಿ?"

"ಇನ್ನಾ ಶುರುನ ಆಗಿಲ್ಲವ್ವ."

ಔಷಧ ಜೋರಾಯಿತು. ಹಚ್ಚಿದ ಎರಡು ದಿನ ರಜೆ ಹಾಕಿ ಮನೆಯಲ್ಲೇ ಇರತೊಡಗಿದೆ. ತುರಿಕೆಗೆ ಕೂರಲಾಗುತ್ತಿರಲಿಲ್ಲ, ಖುಷಿಯೂ ಆಗುತ್ತಿತ್ತು. ಕೆಲವು ವಾರಗಳ ನಂತರ ನೆತ್ತಿಯಲ್ಲಿ ಬಿಳಿ ನವಿರು ಕಂಡಿತು. "ನನಗಿಂತ ಮೊದ್ಲ ಮುದುಕಿ ಆದ್ಯಲ್ಲಲೇ," ಎಂದು ಅವ್ವ ಅದನ್ನು ಬೆರಳಿನಿಂದ ಸವರುತ್ತಲೇ ಇದ್ದಳು. ಆಮೇಲೆ ಅದು ಕಪ್ಪಾಯಿತು.

ಎಡಗಿವಿಯ ಹಿಂದಿನ ತೇಪೆ ಇನ್ನೂ ತುಂಬಿಲ್ಲ. ಉಳಿದ ಕೂದಲನ್ನು ತಂದದ್ದು ಔಷಧವೋ, ತಾನಾಗಿಯೇ ಬರುವ ಹೊತ್ತು ಬಂದಿತ್ತೋ ಎಂದು ಡಾಕ್ಟರನ್ನು ಕೇಳಿದ್ದೆ. ಕೆಲವರಿಗೆ ತಾನಾಗಿಯೂ ಬರುತ್ತದೆ, ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ.