ಎಮ್ಮೆಗಣ್ಣಿನ ಪ್ರಾಣಿ

ಆಗ ನನಗೆ ಇಪ್ಪತ್ತೈದು ವರ್ಷ, ಮೂಗಿನ ತುದಿಯಲ್ಲೇ ಕೋಪ. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದು, ಹೈದರಾಬಾದಿನ ಮಾದಾಪುರದಲ್ಲಿ ಒಂದು ಗೇಮ್ ಕಂಪನಿಗೆ ರೆಕ್ಕೆಯ ಹುಲಿ, ಕೊಂಬಿನ ಹಾವು ಬರೆದುಕೊಟ್ಟು ಸಂಬಳ ತೆಗೆದುಕೊಳ್ಳುತ್ತಿದ್ದೆ. ಯಾರಾದರೂ ಕೇಳಿದರೆ ಅಮ್ಮ 'ಕಂಪ್ಯೂಟರ್ ಕೆಲಸ' ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಆ ದಿನಗಳಲ್ಲಿ ಕಂಪ್ಯೂಟರ್ ಕಲಿತರೆ ಬದುಕಿದೆವು ಎಂಬ ನಂಬಿಕೆ ಊರಿಗೆಲ್ಲ ಇತ್ತು. ಅದೇ ನಂಬಿಕೆಯ ಮೇಲೆ ಅಮೀರ್‌ಪೇಟೆಯ ಮಹಡಿಯೊಂದರಲ್ಲಿ ತರಬೇತಿ ಕೇಂದ್ರ ನಡೆಯುತ್ತಿತ್ತು. ಭಾನುವಾರ ಬೆಳಿಗ್ಗೆ ನಾನು ಅಲ್ಲಿ ಡಿಜಿಟಲ್ ಚಿತ್ರ ಹೇಳಿಕೊಡುತ್ತಿದ್ದೆ. ಆ ಕೋಣೆಯ ಕಿಟಕಿ, ಬೆಚ್ಚಗಾದ ಮಾನಿಟರುಗಳ ವಾಸನೆ, ಕೆಳಗಿನ ಹೋಟೆಲಿನ ಇರಾನಿ ಚಹಾ ಈಗಲೂ ಬೇಕೆನಿಸುತ್ತವೆ.

ಆ ತರಗತಿಗೆ ನಲವತ್ತು ದಾಟಿದ ಒಬ್ಬರು ಸೇರಿಕೊಂಡರು. ರಾಯಚೂರು ಕಡೆಯವರು, ಬೋರ್ಡು ಬರೆಯುವವರು. ಕಾಚಿಗೂಡ ಸ್ಟೇಷನ್ ಎದುರಿನ ಅರ್ಧ ಅಂಗಡಿಗಳ ಹೆಸರು ಅವರ ಕೈಯವೇ, ತೆಲುಗು, ಉರ್ದು, ಇಂಗ್ಲಿಷ್ ಮೂರರಲ್ಲೂ. ಆಮೇಲೆ ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತಿತ್ತು.

"ನಿಮ್ಮ ಕಂಪನ್ಯಾಗ ಚಿತ್ರ ತೆಗೆಯೋರು ಆಗಾಗ ಬೇಕಾಗ್ತಾರಂತಲ್ರಿ ಅಕ್ಕೋರ," ಎಂದರು ಮೊದಲ ದಿನವೇ. "ಅಂಥಾ ನೌಕರಿ ಸಿಕ್ರ ಛಲೋ. ಇಲ್ಲಂದ್ರ ಮಾದಾಪುರದಾಗ ಬಿಲ್ಡಿಂಗಿಗೆ ಸುಣ್ಣ ಹೊಡಿಯಾಕ ಹೋಗ್ಬೇಕ್ರಿ. ಅಕ್ಷರ ಬರಕೋಂತ ಬಂದ ಕೈ ಇದು, ಮನಸ ಒಪ್ಪವಲ್ದು."

ಬೋರ್ಡು ಬರೆಯುವಾಗ ಮಣಿಕಟ್ಟು ಊರಲು ಅವರು ಬಳಸುತ್ತಿದ್ದದ್ದು ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲು. ಅದನ್ನೇ ತಂದು ಪೆನ್ ಟ್ಯಾಬ್ಲೆಟ್‌ನ ಮೇಲೆ ಅಡ್ಡ ಹಿಡಿದು ಕೂತಾಗ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಕೋಲಿನ ಮೇಲೆ ಅವರು ಎಳೆದ ಗೆರೆ ನನ್ನ ಗೆರೆಗಿಂತ ನೆಟ್ಟಗಿತ್ತು.

ಲೋಕದಲ್ಲಿ ಇಲ್ಲದ ಒಂದು ಪ್ರಾಣಿಯನ್ನು ಬರೆಯಿರಿ ಎಂದಿದ್ದೆ. ಅವರದಕ್ಕೆ ಎಮ್ಮೆಯ ತಲೆ, ಹುರುಪೆ ಹುರುಪೆಯಾದ ಉಡದ ಮೈ, ನವಿಲಿನ ರೆಕ್ಕೆ. ತಪ್ಪು ಮಾತ್ರ ಬೋರ್ಡಿನವರಷ್ಟೇ ಮಾಡಬಲ್ಲ ತಪ್ಪು. ಅಂಗಡಿಯ ಅಕ್ಷರ ಎದ್ದು ಕಾಣಲೆಂದು ಬಲಗಡೆ ಕೆಳಗೆ ಕಪ್ಪು ನೆರಳು ಕೊಡುತ್ತಾರಲ್ಲ, ಅದನ್ನು ಒಂದೊಂದು ಹುರುಪೆಗೂ ಕೊಟ್ಟಿದ್ದರು. ಕೆಳಮೂಲೆಯಲ್ಲಿ ತಮ್ಮ ಹೆಸರು, ಪಕ್ಕದಲ್ಲಿ ಮೊಬೈಲ್ ನಂಬರು.

"ಗಣಪತಿ ಮಾಡಿ ಅಂದ್ರೆ ಅವರಪ್ಪನ್ನ ಮಾಡಿದ್ದೀರಲ್ಲ ಅಣ್ಣ! ಇಡೀ ಮೈಗೆ ಬೆಳಕು ಒಂದೇ ಕಡೆಯಿಂದ ಬೀಳತ್ತೆ."

"ನೆರಳ ಇಲ್ಲಂದ್ರ ದೂರದಿಂದ ಕಾಣಂಗಿಲ್ರಿ ಅಕ್ಕೋರ."

"ಇದನ್ನ ಬಸ್ಸಲ್ಲಿ ಕೂತು ಯಾರೂ ಓದಲ್ಲ!"

ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಕಿಟಕಿಯಲ್ಲಿ ಒಂದು ಬದನೆಕಾಯಿ ಇಟ್ಟು, ಬೆಳಕು ಎಲ್ಲಿ ಮುಗಿಯುತ್ತದೆ, ನೆರಳು ಎಲ್ಲಿ ಶುರುವಾಗುತ್ತದೆ ನೋಡಿ ಎಂದೆ. ಎರಡು ತಿಂಗಳು ಭಾನುವಾರ ಭಾನುವಾರ ಆ ಬದನೆಕಾಯಿ ಬರೆದರು, ಪ್ರಾಣಿಯನ್ನೂ ಅಂಗುಲ ಅಂಗುಲ ತಿದ್ದಿಕೊಂಡರು. ಇರುವೆ ನಡೆದಷ್ಟು ನಿಧಾನ.

ಅಷ್ಟರಲ್ಲಿ ನಮ್ಮ ಕಂಪನಿಯಲ್ಲಿ ಒಂದು ಜಾಗ ಖಾಲಿಯಾಯಿತು. ಸೋಮವಾರದೊಳಗೆ ಚಿತ್ರ ಕಳಿಸಬೇಕಿತ್ತು. ಭಾನುವಾರ ನೋಡಿದರೆ ಅರ್ಧ ಮೈಯಲ್ಲಿ ಇನ್ನೂ ಅಕ್ಷರದ ನೆರಳೇ. ನನ್ನ ತಾಳ್ಮೆ ಹಾರಿಹೋಯಿತು. ಅವರು ಚಹಾ ತರಲು ಇಳಿದಾಗ ಅವರ ಕುರ್ಚಿಯಲ್ಲಿ ಕೂತೆ.

ನಮ್ಮ ಕೆಲಸದಲ್ಲಿ ಒಂದು ರೀತಿಯಿದೆ. ಕಲಿಯುವವರ ಚಿತ್ರವನ್ನು ಮುಟ್ಟಬಾರದು. ಅದರ ಮೇಲೆ ಗಾಜಿನ ಹಾಳೆಯಂಥ ಬೇರೊಂದು ಪದರ ಹಾಸಿ, ಅಲ್ಲಿ ತಿದ್ದಿ ತೋರಿಸಿ, ಆಮೇಲೆ ಆ ಪದರ ತೆಗೆದು, ಅವರ ಕೈಯಲ್ಲೇ ಮಾಡಿಸಬೇಕು. ಅದನ್ನು ಪಾಠ ಹೇಳುತ್ತಿದ್ದವಳೂ ನಾನೇ. ಪದರ ಹಾಸಿ, ಅದರ ಮೇಲೆ ನೆರಳು ಅಳಿಸಿದೆ, ಸ್ನಾಯು ಎಬ್ಬಿಸಿದೆ, ಕಣ್ಣು ಹಳದಿ ಮಾಡಿ ಬೆಂಕಿ ಕಾರಿಸಿದೆ. ಮೂಲೆಯ ಹೆಸರು, ನಂಬರು ಒರೆಸಿದೆ. ಅವರು ಬಂದು ಹಿಂದೆ ನಿಂತದ್ದು, ಚಹಾ ತಣ್ಣಗಾದದ್ದು ಗೊತ್ತಾಗಲಿಲ್ಲ. ಪದರ ಹೆಚ್ಚಾದರೆ ಅಲ್ಲಿನ ಮುದಿ ಕಂಪ್ಯೂಟರುಗಳು ಏದುಸಿರು ಬಿಡುತ್ತಿದ್ದವು, ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯ ಬೇರೆ. ಪದರಗಳನ್ನೆಲ್ಲ ಒಂದು ಮಾಡಿ ಸೇವ್ ಒತ್ತುವುದು ಕೈಗೆ ಹತ್ತಿದ ಚಾಳಿ. ಒತ್ತಿ, ಮುಚ್ಚಿಬಿಟ್ಟೆ.

"ಭಾಳ ಛಂದ ಆತ್ರಿ," ಎಂದರು. ಚಹಾದ ಲೋಟ ನನ್ನ ಮುಂದಿಟ್ಟು, "ಕಣ್ಣು ಹೋತಲ್ರಿ?"

"ಎಮ್ಮೆ ಕಣ್ಣು ನೋಡಿ ಯಾರು ಹೆದರ್ತಾರೆ ಅಣ್ಣ?"

"ಹೆದರ್ಸಾಕ ತೆಗೆದಿದ್ದಿಲ್ರಿ. ನಮ್ಮ ಮನಿ ಎಮ್ಮಿ ಕಣ್ಣದು." ಆಮೇಲೆ ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ," ಎಂದರು.

ಚಿತ್ರ ಕಂಪನಿಗೆ ಹಿಡಿಸಿತು, ಸಂದರ್ಶನಕ್ಕೆ ಕರೆದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೋಲನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದರು. ನಾನೂ ಆ ಕೋಣೆಯಲ್ಲಿದ್ದೆ. ನಮ್ಮ ಮುಖ್ಯಸ್ಥರು ಚಿತ್ರ ತೋರಿಸಿ, ಇದು ನಿಮ್ಮದೇ ಕೈಯೋ ಎಂದು ಹಿಂದಿಯಲ್ಲಿ ಕೇಳಿದರು. ಹೂಂ ಎಂದಿದ್ದರೆ ಸಾಕಿತ್ತು.

"ಯೇ ಮೇಡಂ ಕಾ ಹೈ ಸಾಬ್," ಎಂದರು ಅವರು. "ಮೇರಾ ಇಸ್‌ಕೆ ನೀಚೆ ಥಾ."

ಇದು ಮೇಡಂ ಬರೆದದ್ದು, ನನ್ನದು ಇದರ ಕೆಳಗಿತ್ತು ಎಂದು. ಆ ಕೆಳಗಿನದನ್ನು ತೋರಿಸಿ ಎಂದರೆ, ಪದರಗಳು ಒಂದಾದ ಮೇಲೆ ಕೆಳಗೆ ಏನೂ ಉಳಿದಿರಲಿಲ್ಲ. ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಸ್ವಲ್ಪ ತಿದ್ದಿದ್ದೆ ಅಷ್ಟೇ," ಎಂದೆ. ಆ ಸುಳ್ಳಿಗೆ ಬೋರ್ಡಿನ ಅಣ್ಣ ತಲೆ ಎತ್ತಲೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ತಟ್ಟೆ ಎಳೆದವಳು ನಾನು. ಅವರು ಮತ್ತೆ ತರಗತಿಗೆ ಬರಲಿಲ್ಲ. ಹುಡುಕಬೇಕೆಂದರೆ ಹುಡುಕಬಹುದಿತ್ತು. ನನಗೆ ಮುಖವಿರಲಿಲ್ಲ.

ಎರಡು ವರ್ಷ ಕಳೆದು, ಊರಿಗೆ ಹೊರಟು ಕಾಚಿಗೂಡಕ್ಕೆ ಬಂದೆ. ಶುಕ್ರವಾರ ಮಧ್ಯಾಹ್ನ. ನಮಾಜಿಗೆಂದು ಸ್ಟೇಷನ್ ಎದುರಿನ ಒಂದು ಅಂಗಡಿ ಮುಚ್ಚಿತ್ತು. ಇಳಿದ ಶಟರಿನ ಮೇಲೆ ನನ್ನಷ್ಟೇ ಎತ್ತರಕ್ಕೆ ಆ ಪ್ರಾಣಿ ನಿಂತಿತ್ತು.

ಸೂಟ್‌ಕೇಸ್ ಕೆಳಗಿಟ್ಟು ನೋಡಿದೆ. ಬೆಳಕು ಎಡಗಡೆಯಿಂದ ಮಾತ್ರ ಬಿದ್ದಿತ್ತು. ಹುರುಪೆಗಳು ಹೊಟ್ಟೆಯ ಕಡೆ ಬರಬರುತ್ತಾ ಬದನೆಕಾಯಿಯ ಹಾಗೆ ಮೆಲ್ಲಗೆ ಕತ್ತಲಾಗಿದ್ದವು. ಕಣ್ಣು ಮಾತ್ರ ಅದೇ ಎಮ್ಮೆಯದು, ಒದ್ದೆಯಾಗಿ, ಹಾಲು ಕರೆಯುವವರ ದಾರಿ ಕಾಯುವ ಹಾಗೆ. ಕೆಳಮೂಲೆಯಲ್ಲಿ ಹೆಸರು ಮತ್ತು ನಂಬರು. ಆ ಅಕ್ಷರಗಳಿಗೆ ದಪ್ಪ ನೆರಳು ಕೊಟ್ಟಿದ್ದರು, ರಸ್ತೆಯ ಆಚೆಯಿಂದಲೂ ಓದಬಹುದಿತ್ತು.

ನಿಂತಲ್ಲೇ ಫೋನ್ ಮಾಡಿದೆ. ಹಲೋ ಎಂದದ್ದೇ ತಡ, ಗುರುತು ಹಿಡಿದರು.

"ಅಕ್ಕೋರೇನ್ರಿ! ಈಗ ಸುಣ್ಣದ ಕೆಲಸ ನಡದೈತ್ರಿ, ನಿಮ್ಮ ಆಫೀಸಿನ ಹಿಂದಿನ ಬಿಲ್ಡಿಂಗಿನ್ಯಾಗ. ಶಟರ್ ಭಾನುವಾರ ಬರೀತೀನಿ. ನೋಡಿದ್ರೇನ್ರಿ ಅದನ್ನ?"

"ಅದರ ಮುಂದೇನೇ ನಿಂತಿದ್ದೀನಿ ಅಣ್ಣ. ನಾನು ಅವತ್ತು..."

"ಅದಿರ್ಲಿ ಬಿಡ್ರಿ," ಎಂದರು. ಆಮೇಲೆ ಹೋಂವರ್ಕ್ ತಂದ ಮಗುವಿನ ಧ್ವನಿಯಲ್ಲಿ ಕೇಳಿದರು: "ಬೆಳಕು ಸರಿ ಬಿದ್ದೈತೇನ್ರಿ ಅಕ್ಕೋರ?"